ಗೋಸುಂಬೆ ಆಹಾರ ಬಿಡುವುದು: ಕಾರಣ, ಆರೈಕೆ, ಬಿಡುಗಡೆ

ಸೆರೆಯಲ್ಲಿರುವ ಗೋಸುಂಬೆ ಹುಳ ತಿನ್ನುವುದನ್ನು ನಿಲ್ಲಿಸಿದರೆ ಅದೊಂದು ಪ್ರತ್ಯೇಕ ಕಾಯಿಲೆಯಲ್ಲ. ಹಲವು ಕಾಯಿಲೆಗಳಿಗೂ ಸಾಕಣೆಯ ಹಲವು ತಪ್ಪುಗಳಿಗೂ ಅದು ಸಮಾನ ಲಕ್ಷಣ. ಬಿಸಿ ಸಾಲದೆ ಹೋಗಿರಬಹುದು, ನೀರು ಸಾಲದೆ ಹೋಗಿರಬಹುದು, ನೇರಳಾತೀತ ಬೆಳಕು ಸಿಗದೆ ಮೂಳೆ ಸೊರಗಿರಬಹುದು. ಭಯ, ಕರುಳಿನ ಜಂತು, ಬಾಯಿಯ ಹುಣ್ಣು, ಹೊಟ್ಟೆ ತುಂಬಿರುವ ಮೊಟ್ಟೆ, ಯಾವುದೇ ಇದ್ದರೂ ಹೊರಗೆ ಕಾಣುವುದು ಒಂದೇ: ಎದುರಿಗೆ ಹುಳ ಹರಿದಾಡಿದರೂ ಪ್ರಾಣಿ ನಾಲಿಗೆ ಚಾಚುವುದಿಲ್ಲ. ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಂಥ ಒಣನಾಡಿನಲ್ಲಿ ಸಹಜವಾಗಿ ಬದುಕುವ ಭಾರತೀಯ ಗೋಸುಂಬೆ ಮತ್ತು ನಗರಗಳ ಮನೆಗಳಲ್ಲಿ ಸಾಕುವ ಹೊರದೇಶದ ಗೋಸುಂಬೆಗಳು ಇಲ್ಲಿನ ವಿಷಯ. ಇವುಗಳ ಶರೀರಧರ್ಮ ಹೆಚ್ಚುಕಡಿಮೆ ಒಂದೇ, ಪರಿಹಾರ ಮಾತ್ರ ಬೇರೆ ಬೇರೆ. ನಮ್ಮ ನೆಲದ ಗೋಸುಂಬೆ ಉಪವಾಸ ಬೀಳುವುದಕ್ಕೆ ಸೆರೆಯೇ ಮೊದಲ ಕಾರಣ, ಬಿಡುಗಡೆಯೇ ಮೊದಲ ಚಿಕಿತ್ಸೆ.

ಪ್ರಾಣಿ ಮತ್ತು ನೆಲೆ

ಲೋಕದಲ್ಲಿ 200ಕ್ಕೂ ಹೆಚ್ಚು ಜಾತಿಯ ಗೋಸುಂಬೆಗಳಿವೆ. ಅವುಗಳಲ್ಲಿ ಸುಮಾರು ಅರ್ಧದಷ್ಟು ಮಡಗಾಸ್ಕರ್ ದ್ವೀಪದವು. ಭಾರತದಲ್ಲಿರುವುದು ಕೆಮೀಲಿಯೊ ಝೆಲಾನಿಕಸ್ ಎಂಬ ಒಂದೇ ಜಾತಿ. 1768ರಲ್ಲಿ ಲೌರೆಂಟಿ ಇದಕ್ಕೆ ಈ ಹೆಸರು ಕೊಟ್ಟ. ಊಸರವಳ್ಳಿ ಎಂದೂ ಕರೆಯುವ ಈ ಪ್ರಾಣಿ ಮೂತಿಯಿಂದ ಬಾಲದ ತುದಿಯವರೆಗೆ ಒಂದಡಿಗಿಂತ ತುಸು ಹೆಚ್ಚು ಉದ್ದ ಬೆಳೆಯುತ್ತದೆ. ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆಯಾದ ಮೈ, ಟೊಂಗೆಗೆ ಸುತ್ತಿಕೊಳ್ಳುವ ಬಾಲ, ಇಕ್ಕಳದ ಹಾಗೆ ಎರಡು ಗುಂಪಾಗಿ ಕೂಡಿದ ಬೆರಳುಗಳು ಇದರ ಗುರುತು. ಮುಂಗಾಲಿನಲ್ಲಿ ಒಳಗಡೆ ಮೂರು, ಹೊರಗಡೆ ಎರಡು ಬೆರಳು. ಹಿಂಗಾಲಿನಲ್ಲಿ ಇದು ಅದಲು ಬದಲು. ಹಲ್ಲಿಯ ಬಾಲದಂತೆ ಇದರ ಬಾಲ ಕಳಚುವುದಿಲ್ಲ, ಪೆಟ್ಟಾಗಿ ಹೋದರೆ ಮತ್ತೆ ಬೆಳೆಯುವುದೂ ಇಲ್ಲ.

ದಟ್ಟ ಮಳೆಕಾಡು ಇದಕ್ಕೆ ಒಗ್ಗದು. ಒಣ ಎಲೆಯುದುರು ಕಾಡು, ಕುರುಚಲು, ಹೊಲದ ಬದು, ಮುಳ್ಳುಬೇಲಿ ಇದರ ನೆಲೆ. ಗದಗ ಸೀಮೆ ಅಂಥದೇ ನಾಡು. ವರ್ಷದ ಮಳೆ ಸುಮಾರು 600 ಮಿ.ಮೀ.; ಒಂದು ಕಡೆ ಎರೆ ಹೊಲ, ಇನ್ನೊಂದು ಕಡೆ ಮಸಾರಿ; ಬದುವಿನ ಮೇಲೆ ಜಾಲಿ, ಬೇವು, ಬಾರಿ, ಕಳ್ಳಿ. ಗದಗ, ಮುಂಡರಗಿ, ಶಿರಹಟ್ಟಿ ಭಾಗಗಳಲ್ಲಿ ಚಾಚಿರುವ ಕಪ್ಪತಗುಡ್ಡದ ಸುಮಾರು 244 ಚದರ ಕಿ.ಮೀ. ಪ್ರದೇಶವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಕಪ್ಪತಗುಡ್ಡ ಎಂದೊಡನೆ ಔಷಧಿ ಸಸ್ಯ, ತೋಳ, ಕತ್ತೆಕಿರುಬಗಳ ಮಾತು ಬರುತ್ತದೆ. ಶಿರಹಟ್ಟಿ ಕಡೆಯ ಮಾಗಡಿ ಕೆರೆ ಎಂದೊಡನೆ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳ ಮಾತು. ಕುರುಚಲಿನ ಸಣ್ಣ ಸರೀಸೃಪಗಳನ್ನು ಯಾರೂ ಎಣಿಸುವುದಿಲ್ಲ. ಮಿಡತೆ, ನೊಣ, ಕಂಬಳಿಹುಳಗಳನ್ನು ತಿಂದು ರೈತನ ಬದುವಿನಲ್ಲೇ ಬದುಕುವ ಗೋಸುಂಬೆಗೆ ಅವುಗಳಷ್ಟೇ ಗೌರವ ಸಲ್ಲಬೇಕು.

ಇದರ ಬಗ್ಗೆ ಭಯವೂ ಇದೆ. ಕಚ್ಚಿದರೆ ವಿಷ, ಮೈಮೇಲೆ ಬಿದ್ದರೆ ಕೇಡು ಎಂದು ಕಲ್ಲೆಸೆದು ಕೊಲ್ಲುವವರು ಇದ್ದಾರೆ. ಗೋಸುಂಬೆಗೆ ವಿಷವಿಲ್ಲ. ಹೆದರಿದಾಗ ಮೈ ಉಬ್ಬಿಸಿ, ಬಾಯಿ ತೆರೆದು ಬುಸುಗುಡುವುದು, ಹಿಡಿದರೆ ಕಚ್ಚುವುದು, ಇಷ್ಟೇ ಇದರ ರಕ್ಷಣೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೊಟ್ಟೆಯಿಡಲು ಹೆಣ್ಣು ನೆಲಕ್ಕಿಳಿದು ಮೆತ್ತಗಿನ ಮಣ್ಣು ಹುಡುಕುತ್ತದೆ. ರಸ್ತೆ ದಾಟುವಾಗ ಚಕ್ರಕ್ಕೆ ಸಿಕ್ಕುವುದೂ ಹುಡುಗರ ಕೈಗೆ ಸಿಕ್ಕುವುದೂ ಹೆಚ್ಚಾಗಿ ಆಗಲೇ. ರಾತ್ರಿ ನಿದ್ದೆಯಲ್ಲಿ ಮೈ ಬಿಳಿಚಿಕೊಳ್ಳುವುದರಿಂದ ಟಾರ್ಚ್ ಬೆಳಕಿಗೆ ಮುಳ್ಳುಪೊದೆಯಲ್ಲಿ ಎದ್ದು ಕಾಣುತ್ತದೆ. ಹಿಡಿದು ಮಾರುವವರಿಗೆ ಇದು ಅನುಕೂಲ.

ಕಾನೂನು

ಭಾರತೀಯ ಗೋಸುಂಬೆಯನ್ನು ಹಿಡಿಯುವುದು, ಸಾಕುವುದು, ಮಾರುವುದು, ಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಜೀವಂತ ಹಿಡಿಯುವುದೂ ಬೇಟೆಯೇ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲೂ ಈ ಕುಲ ಸೇರಿದೆ.

ಪೇಟೆಯ ಸಾಕುಪ್ರಾಣಿ ಅಂಗಡಿಗಳ ಗೋಸುಂಬೆಗಳು ಬೇರೆ. ಯೆಮೆನ್ ಮತ್ತು ಸೌದಿ ಅರೇಬಿಯದ ನೈಋತ್ಯ ಭಾಗದ ವೇಲ್ಡ್ ಗೋಸುಂಬೆ, ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆ ಇವುಗಳಲ್ಲಿ ಮುಖ್ಯ. ವೇಲ್ಡ್ ಜಾತಿಯ ನೆತ್ತಿಯ ಮೇಲೆ ಎತ್ತರವಾದ ಶಿಖೆ ನಿಂತಿರುತ್ತದೆ, ನಮ್ಮದರ ಶಿಖೆ ತಗ್ಗು; ನೋಡಿದೊಡನೆ ತಿಳಿಯುವ ವ್ಯತ್ಯಾಸ ಇದು. 2022ರ ತಿದ್ದುಪಡಿ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಸೈಟಿಸ್ ಪಟ್ಟಿಯ ಪ್ರಾಣಿಗಳಿಗೆ ಪ್ರತ್ಯೇಕ ಅನುಸೂಚಿ ಮಾಡಿದೆ. 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಸಾಕಿದವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ ಪ್ರಾಣಿ ಸತ್ತರೂ ತಿಳಿಸಬೇಕು. ಕಾಗದಪತ್ರ ಇಲ್ಲದವರು ಪ್ರಾಣಿಗೆ ಕಾಯಿಲೆಯಾದರೂ ವೈದ್ಯರ ಬಳಿ ಹೋಗಲು ಅಂಜುತ್ತಾರೆ. ನೋಂದಣಿ ಸರ್ಕಾರದ ಅನುಕೂಲಕ್ಕೆ ಮಾತ್ರವೆಂದು ತಿಳಿಯಬಾರದು; ಪ್ರಾಣಿಯ ಜೀವವೂ ಅದರಲ್ಲಿ ಸೇರಿದೆ.

ತಿನ್ನುವ ಬಗೆ

ಗೋಸುಂಬೆ ಏಕೆ ತಿನ್ನುತ್ತಿಲ್ಲ ಎಂದು ತಿಳಿಯಲು ಅದು ಹೇಗೆ ತಿನ್ನುತ್ತದೆ ಎನ್ನುವುದು ಗೊತ್ತಿರಬೇಕು. ಬೇಟೆಯ ಹಿಂದೆ ಓಡುವ ಪ್ರಾಣಿ ಇದಲ್ಲ, ಕೂತಲ್ಲೇ ಕಾಯುತ್ತದೆ. ಬುಗುರಿಯಂತೆ ಹೊರಚಾಚಿದ ಎರಡು ಕಣ್ಣುಗಳು ಬೇರೆ ಬೇರೆ ದಿಕ್ಕಿಗೆ ಹೊರಳುತ್ತ ಹುಡುಕುತ್ತವೆ. ಹುಳ ಕಂಡಾಗ ಎರಡೂ ಅತ್ತ ತಿರುಗುತ್ತವೆ. ಕಣ್ಣಿನ ಮಸೂರ ಹೊಂದಿಸಿಕೊಳ್ಳುವ ಪ್ರಮಾಣದಿಂದ ಹುಳ ಎಷ್ಟು ದೂರವಿದೆ ಎಂದು ಅಳೆಯುತ್ತದೆ. ಆಮೇಲೆ ಮೈಯಷ್ಟೇ, ಎಷ್ಟೋ ಸಲ ಮೈಯ ಎರಡರಷ್ಟು ಉದ್ದದ ನಾಲಿಗೆ ಕಣ್ಣು ಮಿಟುಕಿಸುವುದರೊಳಗೆ ಹೋಗಿ ಬರುತ್ತದೆ. ನಾಲಿಗೆಯೊಳಗೆ ಒಂದು ಗಟ್ಟಿ ಕಡ್ಡಿ, ಅದರ ಸುತ್ತ ಸ್ನಾಯು, ನಡುವೆ ಹಿಗ್ಗುವ ಪದರಗಳು. ಸ್ನಾಯು ಮೊದಲೇ ಬಿಗಿದು ಶಕ್ತಿ ಕೂಡಿಡುತ್ತದೆ, ಪದರಗಳು ಅದನ್ನು ಒಮ್ಮೆಗೇ ಬಿಡುತ್ತವೆ. ನಾಲಿಗೆಯ ತುದಿಯ ಅಂಟು ಮನುಷ್ಯರ ಜೊಲ್ಲಿಗಿಂತ ಸುಮಾರು 400 ಪಟ್ಟು ಗಟ್ಟಿ ಎಂದು ಬೆಲ್ಜಿಯಂನ ಸಂಶೋಧಕರು 2016ರಲ್ಲಿ ತೋರಿಸಿದರು.

ಕ್ರಿಸ್ಟೋಫರ್ ಆಂಡರ್ಸನ್ ಮತ್ತು ಸ್ಟೀಫನ್ ಡೆಬಾನ್ 2010ರಲ್ಲಿ ವೇಲ್ಡ್ ಗೋಸುಂಬೆಗಳ ಮೇಲೆ ನಡೆಸಿದ ಅಧ್ಯಯನ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಮೈಬಿಸಿ 10 ಡಿಗ್ರಿ ಇಳಿದರೂ ನಾಲಿಗೆ ಹೊರಗೆ ಚಿಮ್ಮುವ ವೇಗ ಸ್ವಲ್ಪವೇ ಕುಗ್ಗುತ್ತದೆ. ಒಳಗೆ ಎಳೆದುಕೊಳ್ಳುವ ವೇಗ ಮಾತ್ರ ಬಹಳ ಕುಗ್ಗುತ್ತದೆ. ಚಿಮ್ಮುವುದು ಪದರಗಳ ಕೆಲಸ, ಎಳೆಯುವುದು ಸ್ನಾಯುವಿನ ಕೆಲಸ. ಅಂದರೆ ಚಳಿಯಲ್ಲೂ ಗೋಸುಂಬೆ ಹುಳ ಹಿಡಿದೀತು. ಆದರೆ ಹೊಟ್ಟೆ ಅರಗಿಸದು. ಸಾಕಿದವರು ನಾಲಿಗೆ ಹೊಡೆಯುವುದನ್ನು ಕಂಡು ಎಲ್ಲ ಸರಿಯಿದೆ ಎಂದುಕೊಂಡಿರುವಾಗ, ತಿಂದ ಹುಳ ಹೊಟ್ಟೆಯಲ್ಲೇ ಕೊಳೆತು ಮಾರನೆಯ ವಾರ ಪ್ರಾಣಿ ಬಾಯಿ ಮುಚ್ಚಿಕೊಂಡಿರುತ್ತದೆ.

ಯಾವುದು ನಿಜವಾದ ಉಪವಾಸ

ಬೆಳೆದ ಗೋಸುಂಬೆ ದಿನವೂ ತಿನ್ನಬೇಕಾಗಿಲ್ಲ. ಎರಡು ಮೂರು ದಿನಕ್ಕೊಮ್ಮೆ ನಾಲ್ಕಾರು ಹುಳ ಸಾಕು. ಪೊರೆ ಬಿಡುವ ದಿನಗಳಲ್ಲಿ, ಬೇರೆ ಗೂಡಿಗೆ ಬಂದ ಮೊದಲ ವಾರದಲ್ಲಿ, ಚಳಿಗಾಲದ ಮೋಡದ ದಿನಗಳಲ್ಲಿ, ಗಂಡು ಬೆದೆಗೆ ಬಂದಾಗ ಹಸಿವು ತಗ್ಗುವುದು ಸಹಜ. ಅದೇ ಹುಳವನ್ನು ತಿಂಗಳುಗಟ್ಟಲೆ ಕೊಟ್ಟರೆ ಮುಖ ತಿರುಗಿಸುವುದೂ ಉಂಟು. ಮಿಡತೆ ಕೊಟ್ಟೊಡನೆ ತಿಂದಿತೆಂದರೆ ಅದಕ್ಕೆ ಕಾಯಿಲೆ ಇರಲಿಲ್ಲ.

ಮರಿಯ ವಿಷಯ ಹಾಗಲ್ಲ. ಮೂರು ತಿಂಗಳ ಒಳಗಿನ ಮರಿ ಎರಡು ದಿನ ತಿನ್ನದಿದ್ದರೆ ಚಿಂತೆ ಮಾಡಲೇಬೇಕು. ಬೆಳೆದದ್ದು ಒಂದು ವಾರ ಬಾಯಿ ಮುಟ್ಟದಿದ್ದರೆ ತೋರಿಸಬೇಕು. ದಿನಗಳಿಗಿಂತ ನಂಬಿಕೆಯ ಲೆಕ್ಕ ತೂಕದ್ದು. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಕೋಲಿನ ಸಮೇತ ವಾರಕ್ಕೊಮ್ಮೆ ತೂಗಿ, ಕೋಲಿನ ತೂಕ ಕಳೆದು ಬರೆದಿಟ್ಟುಕೊಂಡರೆ ಸಾಕು. ನೂರಕ್ಕೆ ಹತ್ತರಷ್ಟು ಇಳಿದಿದ್ದರೆ ಅದು ಮುನಿಸಲ್ಲ, ಕಾಯಿಲೆ. ಇದಕ್ಕಿಂತ ತುರ್ತಿನ ಗುರುತು ಒಂದಿದೆ: ಹಗಲಿನಲ್ಲಿ ಕಣ್ಣು ಮುಚ್ಚಿ ಕೂರುವುದು. ಆರೋಗ್ಯವಾಗಿರುವ ಗೋಸುಂಬೆ ಹಗಲು ಕಣ್ಣು ಮುಚ್ಚಿ ಕೂರುವುದಿಲ್ಲ. ಅಂಥದನ್ನು ಕಂಡ ದಿನವೇ ವೈದ್ಯರಿಗೆ ತೋರಿಸಬೇಕು.

ಕಾರಣಗಳು

ಮೊದಲನೆಯದು ಭಯ. ಗೋಸುಂಬೆ ಒಂಟಿ ಪ್ರಾಣಿ, ಎತ್ತರ ಬಯಸುವ ಪ್ರಾಣಿ. ಕೆಳಗಿಟ್ಟ ಗೂಡಿನಲ್ಲಿ ಮೇಲಿನಿಂದ ಮನುಷ್ಯರ ಕೈ ಬರುತ್ತಿದ್ದರೆ ಹದ್ದು ಎರಗಿದಂತೆ ಅದಕ್ಕೆ ಅನಿಸುತ್ತದೆ. ಎದುರು ಗೂಡಿನ ಇನ್ನೊಂದು ಗೋಸುಂಬೆ, ಗಾಜಿನಲ್ಲಿ ಕಾಣುವ ತನ್ನದೇ ಪ್ರತಿಬಿಂಬ, ಮನೆಯ ಬೆಕ್ಕು, ದಿನವೂ ಎತ್ತಿಕೊಂಡು ಬಣ್ಣ ಬದಲಾಗುವುದನ್ನು ನೋಡುವ ಮಕ್ಕಳು, ಎಲ್ಲವೂ ಒತ್ತಡವೇ. ಬಣ್ಣ ಬದಲಾಗುವುದು ಆಟವಲ್ಲ. ಚರ್ಮದ ಕೋಶಗಳಲ್ಲಿರುವ ಗ್ವಾನಿನ್ ಹರಳುಗಳ ನಡುವಿನ ಅಂತರ ಹೆಚ್ಚುಕಡಿಮೆಯಾಗಿ ಬಣ್ಣ ಬದಲಾಗುತ್ತದೆ ಎಂದು ಜಿನೀವಾ ವಿಶ್ವವಿದ್ಯಾಲಯದವರು 2015ರಲ್ಲಿ ಪ್ಯಾಂಥರ್ ಗೋಸುಂಬೆಯಲ್ಲಿ ಕಂಡುಕೊಂಡರು. ಆ ಬದಲಾವಣೆಯ ಹಿಂದೆ ಪ್ರಾಣಿಯ ಉದ್ವೇಗವಿರುತ್ತದೆ. ದಿನವಿಡೀ ಕಪ್ಪಾಗಿಯೇ ಇರುವ ಗೋಸುಂಬೆಗೆ ಚಳಿಯಾಗಿರಬೇಕು ಇಲ್ಲವೆ ಹೆದರಿಕೆಯಾಗಿರಬೇಕು. ಕಾಡಿನಿಂದ ಹಿಡಿದು ತಂದ ಪ್ರಾಣಿಯಲ್ಲಿ ಈ ಭಯ ಆರುವುದೇ ಇಲ್ಲ. ಎಷ್ಟೋ ಸಲ ಎದುರಿಗೆ ಹುಳವಿದ್ದೂ ಹಸಿವಿನಿಂದಲೇ ಸಾಯುತ್ತದೆ.

ಎರಡನೆಯದು ಬಿಸಿ. ಗೋಸುಂಬೆಗೆ ತನ್ನದೇ ಮೈಬಿಸಿ ಇಲ್ಲ. ವೇಲ್ಡ್ ಜಾತಿಗೆ ಹಗಲು ಗೂಡಿನಲ್ಲಿ 24ರಿಂದ 29 ಡಿಗ್ರಿ ಸೆಲ್ಸಿಯಸ್, ಬಿಸಿಲು ಕಾಯುವ ಕೊಂಬೆಯ ಬಳಿ 30ರಿಂದ 35 ಡಿಗ್ರಿ, ರಾತ್ರಿ ಇದಕ್ಕಿಂತ ತಂಪು ಬೇಕು. ಒಂದೇ ಬಿಸಿಯ ಗೂಡು ಕೆಟ್ಟದ್ದು. ಬಿಸಿಯಿಂದ ನೆರಳಿಗೆ, ನೆರಳಿನಿಂದ ಬಿಸಿಗೆ ತಾನೇ ಸರಿದಾಡಲು ಜಾಗವಿರಬೇಕು. ಲಕ್ಷ್ಮೇಶ್ವರದಂಥ ಊರಲ್ಲಿ ಚಳಿಗಿಂತ ಸೆಖೆಯ ಅಪಾಯವೇ ಹೆಚ್ಚು. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಪ್ರಾಣಿ ಒಂದೆರಡು ತಾಸಿನಲ್ಲಿ ಸಾಯಬಹುದು. ಬಾಯಿ ತೆರೆದು, ಮೈ ಬಿಳಿಚಿ ಕೂತಿದ್ದರೆ ಸೆಖೆ ತಾಳಲಾರದೆ ಒದ್ದಾಡುತ್ತಿದೆ ಎಂದೇ ತಿಳಿಯಬೇಕು.

ಮೂರನೆಯದು ನೀರು, ಬಹುಪಾಲು ಜನ ಎಡವುವುದು ಇಲ್ಲೇ. ಬಟ್ಟಲಿನಲ್ಲಿ ನಿಂತ ನೀರನ್ನು ಗೋಸುಂಬೆ ನೀರೆಂದು ಗುರುತಿಸುವುದೇ ಅಪರೂಪ. ಎಲೆಯ ಮೇಲಿನ ಇಬ್ಬನಿ, ಮಳೆಹನಿ ನೆಕ್ಕಿ ಬದುಕುವ ಪ್ರಾಣಿ ಇದು. ಬಟ್ಟಲು ತುಂಬಿಟ್ಟು ನಿಶ್ಚಿಂತೆಯಿಂದಿದ್ದರೆ ಅದು ನೀರಿನ ಪಕ್ಕದಲ್ಲೇ ಬಾಯಾರಿ ಒಣಗುತ್ತದೆ. ಒಳಸೇರಿದ ಕಣ್ಣು, ನೆರಿಗೆಗಟ್ಟಿದ ಚರ್ಮ, ಅಂಟಂಟಾದ ಜೊಲ್ಲು ಇದರ ಗುರುತು. ಹಿಕ್ಕೆಯ ಜೊತೆ ಬರುವ ಬಿಳಿಯ ಮುದ್ದೆ ಮೂತ್ರದ ಭಾಗ, ಅದು ಬೆಳ್ಳಗಿರಬೇಕು. ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ನೀರು ಸಾಲದು. ಹೀಗೇ ಬಹಳ ಕಾಲ ನಡೆದರೆ ಮೂತ್ರಪಿಂಡ ಕೆಟ್ಟು ಯೂರಿಕ್ ಆಮ್ಲ ಕೀಲುಗಳಲ್ಲಿ ಕೂತು ಊತ ಬರುತ್ತದೆ; ಆ ಹಂತದಿಂದ ಹಿಂದಕ್ಕೆ ತರುವುದು ಕಷ್ಟ.

ನಾಲ್ಕನೆಯದು ಸುಣ್ಣದಂಶ ಮತ್ತು ಬೆಳಕು. ಹುಳಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಕಾಡಿನಲ್ಲಿ ನಾನಾ ಬಗೆಯ ಹುಳ, ನೇರ ಬಿಸಿಲು ಇದನ್ನು ಸರಿದೂಗಿಸುತ್ತವೆ. ಗೂಡಿನಲ್ಲಿ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸದ ಚಿಮ್ಮಂಡೆಯನ್ನೇ ತಿಂದು, ನೇರಳಾತೀತ ಬಿ ಕಿರಣ ಸಿಗದೆ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗದಿದ್ದರೆ ದೇಹ ತನ್ನ ಮೂಳೆಯ ಕ್ಯಾಲ್ಸಿಯಂ ಅನ್ನೇ ಕರಗಿಸಿಕೊಳ್ಳುತ್ತದೆ. ಕಾಲು ಬಿಲ್ಲಿನಂತೆ ಬಾಗುತ್ತದೆ, ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಹಿಡಿತ ತಪ್ಪಿ ಟೊಂಗೆಯಿಂದ ಬೀಳುತ್ತದೆ. ಇವೆಲ್ಲಕ್ಕಿಂತ ಮೊದಲೇ ನಾಲಿಗೆ ಗುರಿ ತಪ್ಪಬಹುದು. ಸ್ನಾಯು ಬಿಗಿಯಲು ಕ್ಯಾಲ್ಸಿಯಂ ಬೇಕು. ಅದಿಲ್ಲದೆ ನಾಲಿಗೆ ಅರ್ಧಕ್ಕೆ ಚಾಚಿ ಜೋತುಬೀಳುತ್ತದೆ. ಪ್ರಾಣಿಗೆ ಹಸಿವಿದೆ, ಹುಳವನ್ನೇ ದಿಟ್ಟಿಸುತ್ತದೆ, ಬಾಯಿಯನ್ನೂ ತುಸು ತೆರೆಯುತ್ತದೆ, ಹೊಡೆಯಲಾರದು. ಹಸಿವಿಲ್ಲದ್ದಕ್ಕೂ ಹಿಡಿಯಲಾರದ್ದಕ್ಕೂ ಇರುವ ಈ ಅಂತರವನ್ನು ಗಮನವಿಟ್ಟು ನೋಡಿದರೆ ಅರ್ಧ ರೋಗನಿರ್ಣಯ ಮನೆಯಲ್ಲೇ ಆದಂತೆ. ಬಿಸಿಲಿಗೆ ಬಡತನವಿಲ್ಲದ ನಮ್ಮ ನಾಡಿನಲ್ಲಿ ಈ ರೋಗ ಬರಬಾರದು. ಆದರೆ ಕಿಟಕಿಯ ಗಾಜು ಬಿ ಕಿರಣವನ್ನು ತಡೆಯುತ್ತದೆ. ಗಾಜಿನೊಳಗೆ ಬಿದ್ದ ಬಿಸಿಲು ಬೆಚ್ಚಗಿಡುತ್ತದೆ, ಮೂಳೆ ಉಳಿಸುವುದಿಲ್ಲ. ಅಂಗಡಿಯ ವಿಶೇಷ ದೀಪಗಳಲ್ಲೂ ಬೆಳಕು ಉಳಿದು ಕಿರಣ ಕುಂದುವುದರಿಂದ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಬದಲಿಸಬೇಕು.

ಎ ಜೀವಸತ್ವ ಕಡಿಮೆಯಾದರೆ ಕಣ್ಣಿನ ರೆಪ್ಪೆ ಊದಿ ಅಂಟಿಕೊಳ್ಳುತ್ತದೆ. ಕಣ್ಣಿನಿಂದಲೇ ದೂರ ಅಳೆಯುವ ಪ್ರಾಣಿಗೆ ಒಂದು ಕಣ್ಣು ಕೆಟ್ಟರೂ ಊಟ ತಪ್ಪುತ್ತದೆ. ಇದೇ ಜೀವಸತ್ವ ಅತಿಯಾದರೂ ವಿಷವಾಗುವುದರಿಂದ ಅಂದಾಜಿನಲ್ಲಿ ಹನಿ ಹಾಕಬಾರದು. ದವಡೆಯ ಅಂಚಿನಲ್ಲಿ ಕೀವು, ಊತ ಕಂಡರೆ ಬಾಯಿಹುಣ್ಣು. ಉಸಿರಾಡುವಾಗ ಸಿಳ್ಳೆಯಂಥ ಸದ್ದು, ಮೂತಿ ಮೇಲೆತ್ತಿ ಬಾಯಿ ಬಿಡುವುದು, ನೊರೆ, ಇವು ಶ್ವಾಸಕೋಶದ ಸೋಂಕಿನ ಗುರುತು. ಕಾಡಿನಿಂದ ಬಂದ ಪ್ರಾಣಿಗಳಲ್ಲಿ ಕರುಳಿನ ಜಂತು ಸಾಮಾನ್ಯ. ಹೊರಗೆ ಇದ್ದಾಗ ಜಂತುವಿನೊಡನೆ ಹೇಗೋ ಬದುಕುತ್ತಿದ್ದ ಪ್ರಾಣಿ ಸೆರೆಯ ಒತ್ತಡದಲ್ಲಿ ಸೋಲುತ್ತದೆ.

ಹೆಣ್ಣು ಗೋಸುಂಬೆ ಊಟ ಬಿಟ್ಟರೆ ಮೊದಲು ಮೊಟ್ಟೆಯ ವಿಚಾರ ಮಾಡಬೇಕು. ಗಂಡು ಇಲ್ಲದೆಯೂ ವೇಲ್ಡ್ ಹೆಣ್ಣು ಮೊಟ್ಟೆಯಿಡುತ್ತದೆ. ಒಂದು ಸಲಕ್ಕೆ ಹಲವು ಹತ್ತು. ಹೊಟ್ಟೆಯ ಜಾಗವನ್ನೆಲ್ಲ ಮೊಟ್ಟೆ ತುಂಬಿದಾಗ ಹಸಿವು ತಾನಾಗಿ ನಿಲ್ಲುತ್ತದೆ. ಪಕ್ಕೆಗಳು ಉಬ್ಬಿ, ಪ್ರಾಣಿ ಪದೇ ಪದೇ ಕೆಳಗಿಳಿದು ಮೂಲೆ ಕೆರೆಯುತ್ತಿದ್ದರೆ ಅದಕ್ಕೆ ಬೇಕಾದದ್ದು ಹುಳವಲ್ಲ, ಮಣ್ಣು. ಸುಮಾರು ಒಂದಡಿ ಆಳದ ಬಕೆಟಿನಲ್ಲಿ ತೇವ ಮಾಡಿದ, ತೋಡಿದರೆ ಕುಸಿಯದ ಮರಳು ಮಣ್ಣು ಹಾಕಿ, ಯಾರೂ ನೋಡದಂತೆ ಬಟ್ಟೆ ಮರೆ ಮಾಡಿದರೆ ಸಾಕು. ತೋಡುವಾಗ ಇಣುಕಿ ನೋಡಿದರೆ ಕೆಲಸ ಬಿಟ್ಟು ಮೇಲೆ ಹತ್ತುತ್ತದೆ. ಮೊಟ್ಟೆ ಒಳಗೇ ಉಳಿದು ಸಾವಿಗೂ ಕಾರಣವಾಗಬಹುದು. ಸಾಕುವವರ ಕುತೂಹಲಕ್ಕೆ ಇದಕ್ಕಿಂತ ದೊಡ್ಡ ಬೆಲೆ ಬೇರೆಲ್ಲೂ ತೆರಬೇಕಾಗಿಲ್ಲ.

ಕೊನೆಗೆ, ನಮ್ಮ ಸೀಮೆಗೇ ಸೇರಿದ ಒಂದು ಕಾರಣ. ಹತ್ತಿ, ಮೆಣಸಿನಕಾಯಿ ಬೆಳೆಯುವ ಕಡೆ ಕೀಟನಾಶಕ ಹೇರಳ. ರೈತರ ಮಾತಿನಲ್ಲಿ ಎಣ್ಣಿ ಹೊಡೆದ ಹೊಲದಿಂದ ಹಿಡಿದು ತಂದ ಮಿಡತೆ ಗೋಸುಂಬೆಗೆ ವಿಷ. ಜೊಲ್ಲು ಸುರಿಯುವುದು, ಮೈ ನಡುಗುವುದು, ಹಿಡಿತ ಸಡಿಲುವುದು ಕಂಡರೆ ಯಾವ ಹೊಲದ ಹುಳ ಎಂದು ವೈದ್ಯರಿಗೆ ಹೇಳಬೇಕು. ಮಿಂಚುಹುಳವನ್ನಂತೂ ಕೊಡಲೇಬಾರದು, ಕೆಲವು ಜಾತಿಯ ಮಿಂಚುಹುಳಗಳ ಮೈಯಲ್ಲಿರುವ ರಾಸಾಯನಿಕ ಹೃದಯಕ್ಕೆ ಪೆಟ್ಟು ಕೊಡುತ್ತದೆ.

ಮುಪ್ಪೂ ಒಂದು ಕಾರಣವೇ. ಗೋಸುಂಬೆಗಳ ಆಯುಸ್ಸು ಚಿಕ್ಕದು. ಮಡಗಾಸ್ಕರಿನ ಲ್ಯಾಬೋರ್ಡ್ ಗೋಸುಂಬೆ ಮೊಟ್ಟೆಯೊಳಗೆ ಎಂಟೊಂಬತ್ತು ತಿಂಗಳು, ಹೊರಗೆ ನಾಲ್ಕೈದು ತಿಂಗಳು ಮಾತ್ರ ಬದುಕುತ್ತದೆ ಎಂದು 2008ರಲ್ಲಿ ವರದಿಯಾಯಿತು. ಸಾಕುವ ಜಾತಿಗಳದು ಕೆಲವು ವರ್ಷ.

ಆರೈಕೆಯ ಕ್ರಮ

ತಿನ್ನದ ಪ್ರಾಣಿಗೆ ತಿನ್ನಿಸುವುದೇ ಪರಿಹಾರ ಎಂದು ತೋರುವುದು ಸಹಜ. ಗೋಸುಂಬೆಯಲ್ಲಿ ಊಟ ಕೊನೆಯದು. ಮೊದಲು ಬಿಸಿ, ಆಮೇಲೆ ನೀರು, ಆಮೇಲೆ ನಿಶ್ಶಬ್ದ, ಅದಾದ ಮೇಲೆ ಹುಳ. ಒಣಗಿದ ದೇಹಕ್ಕೆ ಆಹಾರ ತುರುಕಿದರೆ ಮೂತ್ರಪಿಂಡದ ಮೇಲೆ ಭಾರ ಬೀಳುತ್ತದೆ. ತಣ್ಣಗಿರುವ ದೇಹಕ್ಕೆ ತುರುಕಿದರೆ ಅರಗುವುದಿಲ್ಲ.

ಗೂಡನ್ನು ಮನುಷ್ಯರ ಕಣ್ಣಿನ ಮಟ್ಟಕ್ಕೆ ಏರಿಸಿ, ಮೂರು ಪಕ್ಕ ಮರೆ ಮಾಡಿ, ಒಳಗೆ ಎಲೆ ದಟ್ಟವಾಗಿರುವ ಕುಂಡದ ಗಿಡ ಇಡಬೇಕು, ದಾಸವಾಳ ಒಳ್ಳೆಯದು. ಬಿಸಿಯನ್ನು ಕೈಯಿಂದ ಮುಟ್ಟಿ ಅಂದಾಜು ಮಾಡದೆ ಥರ್ಮಾಮೀಟರಿನಿಂದ ಅಳೆಯಬೇಕು. ಬೆಳಿಗ್ಗೆ ದೀಪ ಅಥವಾ ಎಳೆ ಬಿಸಿಲಿನಲ್ಲಿ ಮೈ ಕಾಯಿಸಿಕೊಳ್ಳಲು ಬಿಟ್ಟು, ಎಲೆಗಳ ಮೇಲೆ ಸಣ್ಣ ಹನಿಯಾಗಿ ನೀರು ಚಿಮುಕಿಸಬೇಕು. ಎರಡು ಸಲ ಚಿಮುಕಿಸಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ಗೋಸುಂಬೆ ಕುಡಿಯಲು ಶುರುಮಾಡುವುದಕ್ಕೇ ಕೆಲವು ನಿಮಿಷ ಬೇಕು, ಶುರುಮಾಡಿದ ಮೇಲೂ ಬಹಳ ಹೊತ್ತು ಕುಡಿಯುತ್ತದೆ. ತಳಕ್ಕೆ ಸಣ್ಣ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿ ಗೂಡಿನ ಮೇಲಿಟ್ಟರೆ ಎಲೆಯ ಮೇಲೆ ತೊಟ್ಟು ತೊಟ್ಟಾಗಿ ಬೀಳುತ್ತಿರುತ್ತದೆ, ಖರ್ಚಿಲ್ಲದ ಉಪಾಯ. ನೀರಿನಲ್ಲಿ ಮುಳುಗಿಸುವುದು, ಬಾಯಿಗೆ ಪಿಚಕಾರಿ ಒತ್ತುವುದು ಬೇಡ. ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುವುದರಿಂದ ನೀರು ಶ್ವಾಸಕೋಶಕ್ಕೆ ಹೋಗುವುದು ಸುಲಭ.

ಪ್ರಾಣಿ ಬಿಸಿಯಾಗಿ, ನೀರು ಕುಡಿದು, ಕಣ್ಣು ಹೊರಳಿಸತೊಡಗಿದ ಮೇಲೆ ಹುಳ ಬಿಡಬೇಕು. ಹುಳದ ಉದ್ದ ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರಬಾರದು. ಬಣ್ಣ, ಚಲನೆ ಬದಲಿಸಿದರೆ ಆಸೆ ಹುಟ್ಟುತ್ತದೆ: ಹಸಿರು ಮಿಡತೆ, ನೊಣ, ರೇಷ್ಮೆಹುಳ. ರೇಷ್ಮೆ ಕರ್ನಾಟಕಕ್ಕೆ ಹೊಸದಲ್ಲ. ಸಾಕುವವರ ಮನೆಯಿಂದ ತಂದ ಎಳೆಯ ರೇಷ್ಮೆಹುಳ ಮೆತ್ತಗೆ, ನೀರಿನಂಶ ಹೆಚ್ಚು. ಸೊರಗಿದ ಪ್ರಾಣಿಗೆ ಒಳ್ಳೆಯ ಆಹಾರ. ಹುಳಕ್ಕೆ ಮುಂಚಿನ ದಿನ ಸೊಪ್ಪು, ಗಜ್ಜರಿ ತಿನ್ನಿಸಿ, ಕೊಡುವಾಗ ಕ್ಯಾಲ್ಸಿಯಂ ಪುಡಿ ತೆಳ್ಳಗೆ ಹಚ್ಚಬೇಕು. ತಿನ್ನದೆ ಉಳಿದ ಚಿಮ್ಮಂಡೆಗಳನ್ನು ರಾತ್ರಿ ಗೂಡಿನಲ್ಲಿ ಬಿಡಬಾರದು, ಮಲಗಿದ ಗೋಸುಂಬೆಯನ್ನೇ ಅವು ಕಚ್ಚುತ್ತವೆ. ಅನ್ನ, ಹಾಲು, ಬಿಸ್ಕತ್ತು ಇದರ ಆಹಾರವಲ್ಲ.

ಬಾಯಿ ಬಿಡಿಸಿ ತುರುಕುವುದನ್ನು ಮನೆಯಲ್ಲಿ ಮಾಡಬಾರದು. ಗೋಸುಂಬೆಯ ಹಲ್ಲುಗಳು ದವಡೆಯ ಅಂಚಿಗೇ ಬೆಸೆದುಕೊಂಡಿರುತ್ತವೆ, ಮುರಿದರೆ ಮತ್ತೆ ಬರುವುದಿಲ್ಲ. ಮೂಳೆ ಮೆತ್ತಗಾಗಿರುವ ಪ್ರಾಣಿಯಲ್ಲಂತೂ ದವಡೆಯೇ ಮುರಿಯುತ್ತದೆ.

ವೈದ್ಯಕೀಯ ನೆರವು

ವೈದ್ಯರ ಬಳಿ ಹೋಗುವಾಗ ಹೊಸ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ, ತೂಕದ ಪಟ್ಟಿಯನ್ನು ಕಾಗದದಲ್ಲಿ, ಗೂಡಿನ ಮತ್ತು ದೀಪದ ಚಿತ್ರಗಳನ್ನು ಮೊಬೈಲಿನಲ್ಲಿ ಒಯ್ಯಬೇಕು. ಹಿಕ್ಕೆಯಲ್ಲಿ ಜಂತುವಿನ ಮೊಟ್ಟೆ ಕಾಣುತ್ತದೆ. ಕ್ಷಕಿರಣ ಚಿತ್ರದಲ್ಲಿ ಮೂಳೆಯ ಸ್ಥಿತಿ, ಮೊಟ್ಟೆ, ಕರುಳಿನಲ್ಲಿ ಸಿಕ್ಕಿದ ಮಣ್ಣು ತಿಳಿಯುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ, ಯೂರಿಕ್ ಆಮ್ಲದ ಪ್ರಮಾಣ ನೋಡುತ್ತಾರೆ. ಕ್ಯಾಲ್ಸಿಯಂ, ಜಂತುನಾಶಕ, ಪ್ರತಿಜೈವಿಕ, ಮೊಟ್ಟೆ ಸಿಕ್ಕಿಕೊಂಡಿದ್ದರೆ ಆಕ್ಸಿಟೋಸಿನ್ ಅಥವಾ ಶಸ್ತ್ರಚಿಕಿತ್ಸೆ, ಹೀಗೆ ಕಾರಣಕ್ಕೆ ತಕ್ಕ ಮದ್ದು. ತಾಲೂಕು ಕೇಂದ್ರಗಳ ಪಶು ಆಸ್ಪತ್ರೆಗಳಲ್ಲಿ ದನ, ಕುರಿ, ಕೋಳಿಗಳ ಅನುಭವವೇ ಹೆಚ್ಚು. ದನದ ಜಂತಿನ ಔಷಧಿಯನ್ನು ನೂರು ಗ್ರಾಂ ತೂಗುವ ಪ್ರಾಣಿಗೆ ಅಂದಾಜಿನಲ್ಲಿ ಹಾಕಿಸಿಕೊಳ್ಳುವುದು ಜೀವಕ್ಕೆ ಅಪಾಯ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಲಕ್ಷ್ಮೇಶ್ವರದಿಂದ ಸುಮಾರು 40 ಕಿ.ಮೀ. ದೂರದ ಗದಗಿನಲ್ಲೇ ಇದೆ. ಮೊದಲು ಅಲ್ಲಿ ವಿಚಾರಿಸುವುದು ಸರಿ. ಪ್ರಯಾಣಕ್ಕೆ ಗಾಳಿತೂತಿರುವ ರಟ್ಟಿನ ಪೆಟ್ಟಿಗೆ, ಒಳಗೆ ಹಿಡಿದುಕೊಳ್ಳಲು ಒಂದು ಕೋಲು, ಕತ್ತಲೆ ಸಾಕು. ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಹೊರಡಬೇಕು.

ದೇಸಿ ಗೋಸುಂಬೆ ಸಿಕ್ಕಿದರೆ

ಹೊಲದಲ್ಲೋ ರಸ್ತೆಯಲ್ಲೋ ಸಿಕ್ಕಿದ ಗೋಸುಂಬೆಯನ್ನು ಮಕ್ಕಳು ರಟ್ಟಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದು ಅದು ಏನೂ ತಿನ್ನುತ್ತಿಲ್ಲವಾದರೆ ಮೇಲಿನ ಆರೈಕೆಯನ್ನೆಲ್ಲ ಮಾಡುತ್ತ ಕೂರಬೇಕಾಗಿಲ್ಲ. ಗಾಯವಿಲ್ಲದೆ, ಕಣ್ಣು ತೆರೆದು, ಕೋಲು ಹಿಡಿದುಕೊಳ್ಳುವಷ್ಟು ಶಕ್ತಿಯಿದ್ದರೆ ಅಂದೇ ಬೆಳಗಿನ ಬಿಸಿಲಿನಲ್ಲಿ, ಹಿಡಿದ ಜಾಗದಲ್ಲೇ, ರಸ್ತೆಯಿಂದ ದೂರದ ಪೊದೆಯ ಮೇಲೆ ಹತ್ತಿಸಬೇಕು. ಬೇರೆ ಊರಿನ ಕಾಡು ಹೆಚ್ಚು ಚೆನ್ನಾಗಿದೆ ಎಂದು ಅಲ್ಲಿ ಬಿಡುವುದು ಒಳ್ಳೆಯದಲ್ಲ. ಅದಕ್ಕೆ ತನ್ನ ಪೊದೆ, ತನ್ನ ನೀರು, ತನ್ನ ಅಡಗುತಾಣ ಗೊತ್ತಿರುವುದು ಹಿಡಿದ ಜಾಗದಲ್ಲಿ ಮಾತ್ರ. ರಸ್ತೆ ದಾಟುತ್ತಿರುವುದು ಕಂಡರೆ ಕೋಲಿನ ಮೇಲೆ ಹತ್ತಿಸಿಕೊಂಡು ಅದು ಹೊರಟ ದಿಕ್ಕಿನ ಬದಿಗೇ ಬಿಡಬೇಕು. ಗಾಯವಾಗಿದ್ದರೆ, ಬಹಳ ದಿನ ಸೆರೆಯಲ್ಲಿದ್ದು ಸೊರಗಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಮುಂದೆ ಎಲ್ಲಿಗೆ ಕಳಿಸಬೇಕು, ಯಾವಾಗ ಬಿಡಬೇಕು ಎನ್ನುವುದು ಇಲಾಖೆಯ ತೀರ್ಮಾನ.

ಹೊರದೇಶದ ಗೋಸುಂಬೆಗೆ ಈ ಮಾತು ಸಲ್ಲದು. ಸಾಕಲಾಗದೆ ಬೇಸತ್ತು, ಕರುಣೆ ತೋರಿದೆವೆಂದು ತಿಳಿದು ಅದನ್ನು ಕಪ್ಪತಗುಡ್ಡದಲ್ಲೋ ಊರಾಚೆಯ ಜಾಲಿಯಲ್ಲೋ ಬಿಟ್ಟರೆ ಅದು ಸಾಯಬಹುದು, ಬದುಕಿದರೆ ಇನ್ನೂ ಕೆಟ್ಟದ್ದು. ವೇಲ್ಡ್ ಗೋಸುಂಬೆ ಅಮೆರಿಕದ ಫ್ಲೋರಿಡಾ ಮತ್ತು ಹವಾಯಿಗಳಲ್ಲಿ ಮನೆಗಳಿಂದ ಹೊರಬಿದ್ದು ಬೇರೂರಿದೆ, ಅಲ್ಲಿನ ಸಣ್ಣ ಜೀವಿಗಳಿಗೆ ಕಂಟಕವಾಗಿದೆ. ಅಂಥ ಪ್ರಾಣಿಯನ್ನು ಸಾಕಲಾರದವರೂ ಅರಣ್ಯ ಇಲಾಖೆಗೇ ತಿಳಿಸಬೇಕು. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಡಬ್ಬಿಯಲ್ಲಿ ಸೊರಗಿದ ಗೋಸುಂಬೆ ಇಟ್ಟುಕೊಂಡವರು ಇನ್ನೊಂದು ದಿನ ಕಾಯ್ದು ನೋಡೋಣ ಎನ್ನದೆ ಇಂದೇ ಈ ಸಂಖ್ಯೆಗೆ ಕರೆಮಾಡಲಿ.